ಡಿಕ್ಕಿಯಾದ ಕಾರಿನ ಒಳಗೆ: ಡ್ಯಾಶ್‌ಬೋರ್ಡ್‌ಗಿಂತ ಮೊದಲು ಬೆಲ್ಟ್ ನೋಡಿ

ಸುಗ್ಗಿ ಶುರುವಾದರೆ ಕಲಬುರಗಿ ಸುತ್ತಲಿನ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುವುದು ಕಷ್ಟ. ಆಳಂದ, ಅಫಜಲಪುರ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳು. ಜೇವರ್ಗಿ, ಸೇಡಂ ಕಡೆಯಿಂದ ತೊಗರಿ ಚೀಲ ಹೇರಿದ ಗಾಡಿಗಳು. ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಕತ್ತಲಲ್ಲಿ ಕಾಣುವುದೇ ತಡ. ಗುದ್ದಿದ ಕಾರು ಗ್ಯಾರೇಜಿಗೆ ಬಂದಾಗ ಎಲ್ಲರೂ ನೋಡುವುದು ಬಂಪರ್, ಬಾನೆಟ್, ಹೆಡ್‌ಲೈಟ್. ಆದರೆ ಒಳಗೆ ಕೂತವರನ್ನು ಹಿಡಿದು ಉಳಿಸಿದ್ದು ಬೆಲ್ಟು, ಏರ್‌ಬ್ಯಾಗು, ಸೀಟು. ಇವುಗಳಲ್ಲಿ ಕೆಲವು ಒಂದೇ ಸಲ ಕೆಲಸ ಮಾಡಲು ತಯಾರಾದವು. ಕೆಲಸ ಮುಗಿಸಿದ ಮೇಲೂ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ.

ಹಾಗಾಗಿ ಒಳಗಿನ ರಿಪೇರಿಯಲ್ಲಿ ಜೀವ ಕಾಯುವ ಭಾಗ ಮೊದಲು, ಅಂದ ಆಮೇಲೆ. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದರಂತೂ ಈ ಕ್ರಮವನ್ನು ಬಿಡಲೇಬೇಡಿ. ಒಡೆದ ಡೋರ್ ಪ್ಯಾಡ್ ಇಟ್ಟುಕೊಂಡು ಒಂದು ವರ್ಷ ಓಡಿಸಬಹುದು. ಡಿಕ್ಕಿಯಲ್ಲಿ ಕೆಲಸ ಮುಗಿಸಿದ ಬೆಲ್ಟ್ ಇಟ್ಟುಕೊಂಡು ಸೂಪರ್ ಮಾರ್ಕೆಟ್‌ವರೆಗೂ ಹೋಗಬಾರದು.

ಕಸ ಗುಡಿಸುವ ಮೊದಲು ಫೋಟೊ

ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಅದೆಲ್ಲ ಆದ ಮೇಲೆ ಗಾಡಿಯ ಕಡೆ ತಿರುಗಿ.

ಒಳಗಿನ ಗಾಜು ತೆಗೆಯಬೇಡಿ, ಜೋತುಬಿದ್ದ ಪ್ಲಾಸ್ಟಿಕ್ ಕೀಳಬೇಡಿ. ಮೊದಲು ಫೋಟೊ ತೆಗೆಯಿರಿ. ಡ್ಯಾಶ್‌ಬೋರ್ಡ್, ಸ್ಟೀರಿಂಗ್, ನಾಲ್ಕೂ ಬಾಗಿಲಿನ ಒಳಭಾಗ, ಸೀಟಿನ ಬುಡ, ರೂಫ್, ಪ್ರತಿ ಬೆಲ್ಟ್. ಮೀಟರ್‌ನಲ್ಲಿ ಉರಿಯುತ್ತಿರುವ ಎಚ್ಚರಿಕೆ ದೀಪಗಳದ್ದೂ ಒಂದು ಇರಲಿ. ಹಾನಿ ಅಳೆಯಲು ವಿಮೆಯ ಕಡೆಯಿಂದ ಬರುವ ಸರ್ವೇಯರ್ ನೋಡುವವರೆಗೆ ಏನೂ ಬಿಚ್ಚಿಸಬೇಡಿ. ಎಸ್ಟಿಮೇಟ್‌ನಲ್ಲಿ ಒಳಗಿನ ಭಾಗಗಳನ್ನು ಒಂದೊಂದಾಗಿ ಬರೆಸಿ. ‘ಇಂಟೀರಿಯರ್ ಕೆಲಸ’ ಎಂದು ಒಂದೇ ಸಾಲು ಬರೆದರೆ ಆಮೇಲೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆ ಹೊಸ ಹಾನಿ ಕಂಡರೆ ಕೆಲಸ ನಿಲ್ಲಿಸಿ. ಸರ್ವೇಯರ್‌ಗೆ ಮತ್ತೆ ತೋರಿಸಿ, ಒಪ್ಪಿಗೆ ಪಡೆದು ಮುಂದುವರಿಯಿರಿ.

ಒಂದು ಲೆಕ್ಕ ಮೊದಲೇ ಗೊತ್ತಿರಲಿ. ಸಾಮಾನ್ಯ ಪೂರ್ಣ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೂ ಏರ್‌ಬ್ಯಾಗ್‌ಗೂ ಶೇ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಕಾರಿನ ಒಳಗೆ ಇರುವುದೆಲ್ಲ ಹೆಚ್ಚುಕಡಿಮೆ ಪ್ಲಾಸ್ಟಿಕ್ಕೇ ಅಲ್ವಾ? ಅರ್ಧ ಖರ್ಚು ನಿಮ್ಮ ಕೈಯಿಂದ ಹೋಗುತ್ತದೆ. ಸವಕಳಿ ಕಳೆಯದ ಜೀರೊ ಡೆಪ್ ಪಾಲಿಸಿ ಇದ್ದವರಿಗೆ ಈ ಹೊರೆ ಇಲ್ಲ. ಪ್ರತಿ ಕ್ಲೇಮಿನಲ್ಲಿ ಮಾಲೀಕನೇ ಹಾಕಿಕೊಳ್ಳಬೇಕಾದ ಕಡ್ಡಾಯ ಕಡಿತ ಮಾತ್ರ ಎಲ್ಲರಿಗೂ ಇದೆ. ನೀವೇ ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್‌ಗೆ ದುಡ್ಡು ಬರಬೇಕಾದರೆ ಅದನ್ನು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿರಬೇಕು.

ಬ್ಯಾಟರಿ ತಂತಿ ಬಿಡಿಸಿ, ಕಾಯಿರಿ

ಒಳಗೆ ಕೈ ಹಾಕುವ ಮೊದಲು ಇಗ್ನಿಷನ್ ಆಫ್ ಮಾಡಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಬೇಕು. ಕರೆಂಟಿನಿಂದ ಸರಿಯುವ ಸೀಟಾದರೆ ಅದಕ್ಕೂ ಮುಂಚೆಯೇ ಹಿಂದೆ ಸರಿಸಿಕೊಳ್ಳಿ. ಆಮೇಲೆ ಕನಿಷ್ಠ 10 ನಿಮಿಷ ಸುಮ್ನೆ ಕಾಯಿರಿ. ಗಾಡಿಯ ಪುಸ್ತಕದಲ್ಲಿ ಜಾಸ್ತಿ ಹೊತ್ತು ಹೇಳಿದ್ದರೆ ಅದೇ ಸರಿ. ಬ್ಯಾಟರಿ ತಪ್ಪಿದರೂ ಏರ್‌ಬ್ಯಾಗ್ ಸಿಡಿಯಲಿ ಎಂದು ಅದರ ಕಂಟ್ರೋಲ್ ಯೂನಿಟ್‌ನಲ್ಲಿ ಸ್ವಲ್ಪ ವಿದ್ಯುತ್ ಕೂಡಿಟ್ಟಿರುತ್ತಾರೆ. ಅದು ಇಳಿಯಲು ಸಮಯ ಬೇಕು. ಮುಂದಿನದು ಸಿಡಿದು ಪಕ್ಕದ್ದು ಸಿಡಿಯದೆ ಉಳಿದ ಗಾಡಿಗಳಲ್ಲಿ ಅಪಾಯ ಇನ್ನೂ ಒಳಗೇ ಕೂತಿರುತ್ತದೆ.

ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ತಂತಿ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಬೆಲ್ಟಿನದು. ಮುಟ್ಟಬೇಡಿ, ಟೆಸ್ಟರ್ ಹಚ್ಚಿ ನೋಡಬೇಡಿ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ನಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಅಂಥ ಗಾಡಿ ನೇರ ಕಂಪನಿ ಸರ್ವಿಸ್ ಸೆಂಟರ್‌ಗೆ.

ಗಾಜು, ಪುಡಿ, ರಕ್ತ

ಬಾಗಿಲಿನ ಗಾಜು ಒಡೆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಬಿರುಕು ಬಿಟ್ಟು ನಿಲ್ಲುತ್ತದೆ. ಆದರೂ ಒಳಬದಿಯಿಂದ ಚೂಪಾದ ಚೂರು ಉದುರುತ್ತಿರುತ್ತದೆ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇಬೇಕು. ಸೀಟು ಸರಿಯುವ ಹಳಿ, ಬೆಲ್ಟ್ ಬಕಲ್‌ನ ಬಾಯಿ, ಎಸಿ ಕಿಂಡಿ, ಹ್ಯಾಂಡ್‌ಬ್ರೇಕ್ ಬುಡ ಇವೆಲ್ಲ ಗಾಜು ಅಡಗುವ ಜಾಗ. ವ್ಯಾಕ್ಯೂಮ್ ಬಿಟ್ಟು ಬೇರೆ ದಾರಿ ಇಲ್ಲ. ಎಲ್ಲ ಮುಗಿಯುವವರೆಗೆ ಬ್ಲೋವರ್ ಹಾಕಬೇಡಿ, ಕಿಂಡಿಯಲ್ಲಿನ ಚೂರು ಮುಖಕ್ಕೇ ಹಾರುತ್ತದೆ.

ಏರ್‌ಬ್ಯಾಗ್ ಸಿಡಿದರೆ ಒಳಗೆಲ್ಲ ಬಿಳಿ ಪುಡಿ. ಚೀಲ ಅಂಟಿಕೊಳ್ಳದಿರಲಿ ಎಂದು ಹಾಕುವ ಟಾಲ್ಕ್ ಅಥವಾ ಜೋಳದ ಪಿಷ್ಟ ಅದರಲ್ಲಿರುತ್ತದೆ. ಜೊತೆಗೆ ಅನಿಲ ಹುಟ್ಟಿಸುವ ಮದ್ದು ಉರಿದ ಶೇಷವೂ ಇರುವುದರಿಂದ ಚರ್ಮ, ಕಣ್ಣು ಉರಿಯಬಹುದು. ಬಾಗಿಲು ತೆರೆದಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಝಾಡಿಸಬೇಡಿ. ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿಬಿಡಿ.

ರಕ್ತದ ಕಲೆಗೆ ತಣ್ಣೀರು ಮತ್ತು ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್. ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ಗ್ಲೌಸ್ ಇಲ್ಲದೆ ಈ ಕೆಲಸ ಯಾರಿಂದಲೂ ಮಾಡಿಸಬೇಡಿ, ತೊಳೆಯುವ ಹುಡುಗನಿಂದಲೂ. ಬೆಲ್ಟಿಗೆ ಮಾತ್ರ ಬ್ಲೀಚ್ ಸೋಕಿಸಬಾರದು, ನೂಲು ಸೊರಗುತ್ತದೆ.

ಒಡೆದ ಗಾಜಿನಿಂದ ಮಳೆನೀರು ಒಳಗೆ ಬಂದಿದ್ದರೆ ಕಾರ್ಪೆಟ್ ಎತ್ತಿ ಅದರ ಕೆಳಗಿನ ಸ್ಪಂಜು ಒತ್ತಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ನೀರು ನಿಂತಿರುತ್ತದೆ. ನೀರಿಗೆ ಸಿಹಿ ವಾಸನೆ, ಅಂಟಂಟು ಇದ್ದರೆ ಅದು ಮಳೆಯದ್ದಲ್ಲ, ಹೀಟರ್‌ನಿಂದ ಸೋರುತ್ತಿರುವ ಕೂಲೆಂಟ್, ಅಂದರೆ ಎಂಜಿನ್ ತಂಪಿಡುವ ದ್ರವ. ಡ್ಯಾಶ್‌ಬೋರ್ಡ್ ಹಿಂದಿನ ಎಸಿ-ಹೀಟರ್ ಡಬ್ಬವನ್ನು ಮಿಸ್ತ್ರಿಗೆ ತೋರಿಸಿ.

ಬೆಲ್ಟ್, ಏರ್‌ಬ್ಯಾಗ್, ಸೀಟು

ಒಂದೊಂದು ಬೆಲ್ಟನ್ನೂ ಪೂರ್ತಿ ಹೊರಗೆಳೆಯಿರಿ. ಅಂಚು ಹರಿದಿದೆಯೇ, ಪಟ್ಟಿ ಅಲೆಅಲೆಯಾಗಿದೆಯೇ, ಭುಜದ ಮೇಲಿನ ಕೊಂಡಿಯ ಹತ್ತಿರ ಉಜ್ಜಿ ಕರಗಿದ ಗುರುತಿದೆಯೇ ನೋಡಿ. ಮೈಭಾರ ಪೂರ್ತಿ ಬಿದ್ದ ಬೆಲ್ಟಿನಲ್ಲಿ ಇವು ಕಾಣುತ್ತವೆ. ಹಲವು ಕಾರುಗಳ ಮುಂದಿನ ಸೀಟಿನ ಬೆಲ್ಟ್‌ಗಳಲ್ಲಿ ಪ್ರಿಟೆನ್ಷನರ್ ಎಂಬ ಭಾಗವಿರುತ್ತದೆ. ಡಿಕ್ಕಿಯಾದ ಕ್ಷಣದಲ್ಲೇ ಸಣ್ಣ ಮದ್ದು ಸಿಡಿದು ಬೆಲ್ಟನ್ನು ಬಿಗಿ ಮಾಡುತ್ತದೆ. ಅದು ಸಿಡಿದಿದ್ದರೆ ಸಾಮಾನ್ಯವಾಗಿ ಬೆಲ್ಟ್ ಹೊರಗೆ ಬರುವುದಿಲ್ಲ, ಇಲ್ಲವೇ ಬಕಲ್‌ನ ಕಾಂಡ ಕೆಳಗೆ ಕುಗ್ಗಿರುತ್ತದೆ. ಒಂದೇ ಬದಿಯದು ಸಿಡಿದಿದ್ದರೆ ಎಡದ್ದನ್ನು ಬಲದ್ದಕ್ಕೆ ಹೋಲಿಸಿ ನೋಡಿದಾಗ ಗೊತ್ತಾಗುತ್ತದೆ. ಸಿಡಿದದ್ದಕ್ಕೆ ರಿಪೇರಿ ಇಲ್ಲ, ಹೊಸದೇ ಬೇಕು. ಸಿಡಿಯದಿದ್ದರೂ ದೊಡ್ಡ ಗುದ್ದಿನಲ್ಲಿ ಯಾರಾದರೂ ಹಾಕಿಕೊಂಡಿದ್ದ ಬೆಲ್ಟನ್ನು ಬದಲಿಸುವುದೇ ಸರಿ.

ಏರ್‌ಬ್ಯಾಗ್ ವಿಷಯದಲ್ಲಿ ಮೋಸ ಜಾಸ್ತಿ. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ, ಆಮೇಲೆ ಪಕ್ಕದ ಸೀಟಿಗೂ ಬಂತು. ಸಿಡಿದ ಮೇಲೆ ಚೀಲವಷ್ಟೇ ಬದಲಿಸಿದರೆ ಸಾಲದು. ಕಂಟ್ರೋಲ್ ಯೂನಿಟ್, ಡಿಕ್ಕಿ ಗುರುತಿಸುವ ಸೆನ್ಸರ್, ಸ್ಟೀರಿಂಗ್ ಒಳಗಿನ ಸುರುಳಿ ತಂತಿ, ಬೆಲ್ಟ್ ಇವನ್ನೆಲ್ಲ ಕಂಪನಿಯ ಪಟ್ಟಿ ಹಿಡಿದು ಒಂದೊಂದಾಗಿ ನೋಡಬೇಕು. ಪಟ್ಟಿಯಲ್ಲಿ ಬದಲಿಸಿ ಎಂದಿದ್ದನ್ನು ಬದಲಿಸಬೇಕು. ಖರ್ಚು ದೊಡ್ಡದು ನಿಜ. ಆಗಲೇ ಯಾರೋ ಹೇಳುತ್ತಾರೆ, “ಚಿಂತಿ ಮಾಡಬ್ಯಾಡ್ರಿ ಸಾಹೇಬ್ರೆ, ಲೈಟ್ ಬಂದ್ ಮಾಡಿ ಕೊಡ್ತೀನಿ.” ದಯವಿಟ್ಟು ಒಪ್ಪಬೇಡಿ. ಚೀಲದ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಕೂರಿಸಿದರೆ ಎಲ್ಲ ಸರಿಯಿದೆ ಎಂದು ಯೂನಿಟ್ ಮೋಸ ಹೋಗುತ್ತದೆ, ದೀಪ ಆರುತ್ತದೆ. ಮುಚ್ಚಳದ ಹಿಂದೆ ಚೀಲವೇ ಇರುವುದಿಲ್ಲ. ನಿಮ್ಮ ಪಕ್ಕ ಕೂತ ಮನೆಯವರಿಗೆ ಅದು ಗೊತ್ತೂ ಇರುವುದಿಲ್ಲ.

ತಪ್ಪಿಸಿಕೊಳ್ಳಲು ದಾರಿ ಇದೆ. ಹೊಸ ಭಾಗದ ಡಬ್ಬ ನಿಮ್ಮ ಮುಂದೆಯೇ ಒಡೆಯಲಿ. ಬಿಲ್‌ನಲ್ಲಿ ಪಾರ್ಟ್ ನಂಬರ್ ಬರೆಸಿ. ಸಿಡಿದ ಹಳೆಯದನ್ನು ಕಣ್ಣಾರೆ ನೋಡಿ. ಭಾಗ ಊರಿನಲ್ಲಿ ಸಿಗದೆ ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ತರಿಸಬೇಕಾದರೆ ತರಿಸಲಿ, ನಾಲ್ಕು ದಿನ ಆಟೊದಲ್ಲಿ ಓಡಾಡಿದರಾಯಿತು. ಗುಜರಿಯ ಗಾಡಿಯಿಂದ ತೆಗೆದ ಏರ್‌ಬ್ಯಾಗ್, ಬೆಲ್ಟ್ ಯಾವ ಬೆಲೆಗೂ ಬೇಡ. ಅದು ಎಷ್ಟು ಬಿಸಿಲು, ಎಷ್ಟು ನೀರು ಕಂಡಿದೆಯೋ ಯಾರಿಗೂ ಗೊತ್ತಿಲ್ಲ.

ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ. ಎರಡೂ ಬದಿಯ ಹಳಿಯಲ್ಲಿ ಟಕ್ ಎಂದು ಕೂರಬೇಕು. ಒರಗುವ ಭಾಗ ಓರೆಯಾಗಿದ್ದರೆ ಒಳಗಿನ ಕಬ್ಬಿಣ ಬಗ್ಗಿದೆ ಎಂದರ್ಥ. ಅದನ್ನು ಬಡಿದು ನೆಟ್ಟಗೆ ಮಾಡಿಸುವುದು, ವೆಲ್ಡ್ ಮಾಡಿಸುವುದು ಬೇಡ, ಫ್ರೇಮ್ ಬದಲಿಸಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಲ್ಲಿ ಹೆಡ್‌ರೆಸ್ಟ್ ಗಟ್ಟಿಯಾಗಿ ನಿಲ್ಲುತ್ತದೆಯೇ ನೋಡಿ, ಕುತ್ತಿಗೆ ಉಳಿಸುವುದು ಅದೇ. ಮಗುವಿನ ಸೀಟು ಇತ್ತೇ? ಏರ್‌ಬ್ಯಾಗ್ ಸಿಡಿಯುವಷ್ಟು ಜೋರಾದ ಡಿಕ್ಕಿಯಾಗಿದ್ದರೆ, ಮಗು ಕೂತಿರಲಿ ಬಿಡಲಿ, ಅದನ್ನು ಮತ್ತೆ ಬಳಸಬೇಡಿ.

ಪ್ಲಾಸ್ಟಿಕ್ ಕೆಲಸ

ಇಲ್ಲಿಂದ ಮುಂದಿನದು ನೀವೇ ಮನೆಯಲ್ಲಿ ಮಾಡಬಹುದಾದ ಕೆಲಸ. ಡ್ಯಾಶ್‌ಬೋರ್ಡ್ ಬಿಚ್ಚುವುದು ಮಾತ್ರ ಬೇಡ. ಅದರ ಹಿಂದಿನ ಅಡ್ಡ ಕಬ್ಬಿಣ ಬಗ್ಗಿದ್ದರೆ ಎಷ್ಟು ಒತ್ತಿದರೂ ಸಂದು ಕೂಡುವುದಿಲ್ಲ, ಅದನ್ನು ಗ್ಯಾರೇಜಿನವರೇ ನೋಡಲಿ.

ಡೋರ್ ಪ್ಯಾಡ್ ತೆಗೆಯಲು ಹಿಡಿಕೆಯ ಹಿಂದೆ, ಕೈಯಿಡುವ ಜಾಗದ ಮುಚ್ಚಳದ ಕೆಳಗೆ ಸ್ಕ್ರೂ ಹುಡುಕಿ. ಆಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಅಂಚು ಹರಿಯುತ್ತದೆ. ನಮ್ಮ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಜಾಸ್ತಿ. ನಾಲ್ಕೈದು ಬೇಸಿಗೆ ಕಂಡ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ, ಕೈ ಹಗುರವಿರಲಿ. ಕ್ಲಿಪ್ ಮುರಿದೇ ಮುರಿಯುತ್ತವೆ, ಬೆಲೆಯೂ ಕಡಿಮೆ. ಮೊದಲೇ ತಂದಿಟ್ಟುಕೊಳ್ಳಿ. ಬಾಗಿಲಿನೊಳಗೆ ಸೈಡ್ ಏರ್‌ಬ್ಯಾಗ್ ಸೆನ್ಸರ್ ಇರುವ ಗಾಡಿಯಾದರೆ ಈ ಕೆಲಸವೂ ಗ್ಯಾರೇಜಿಗೆ.

ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅವಸರದ ಮಿಸ್ತ್ರಿಗಳು ಅದನ್ನು ಹರಿದು ಬಿಸಾಕುತ್ತಾರೆ. ಬಾಗಿಲೊಳಗೆ ಇಳಿಯುವ ಮಳೆನೀರನ್ನು ಕಾಲ ಹತ್ತಿರ ಬಾರದಂತೆ ತಡೆಯುವುದು ಆ ಹಾಳೆಯೇ. ಹುಷಾರಾಗಿ ಬಿಡಿಸಿ, ಅದೇ ಕಪ್ಪು ಅಂಟಿನ ಮೇಲೆ ಮತ್ತೆ ಕೂರಿಸಿ. ಬಾಗಿಲಿನ ಬುಡದ ನೀರು ಹೋಗುವ ತೂತುಗಳಲ್ಲಿ ಗಾಜಿನ ಹರಳು ಸಿಕ್ಕಿರುತ್ತವೆ, ಅವನ್ನೂ ತೆಗೆಯಿರಿ.

ಬಿರುಕಿಗೆ ಅಂಟು ಹಚ್ಚುವ ಮೊದಲು ತುಂಡಿನ ಬೆನ್ನ ಮೇಲಿನ ಅಕ್ಷರ ಓದಿ, ಪ್ಲಾಸ್ಟಿಕ್ ಯಾವ ಜಾತಿಯದು ಎಂದು ಅದು ಹೇಳುತ್ತದೆ. ಎಬಿಎಸ್ ಎಂದಿದ್ದರೆ ಎಪಾಕ್ಸಿ ಅಂಟು ಚೆನ್ನಾಗಿ ಹಿಡಿಯುತ್ತದೆ. ಪಿಪಿ ಎಂದಿದ್ದರೆ ಸಾಮಾನ್ಯ ಅಂಟು ನಿಲ್ಲುವುದಿಲ್ಲ, ಅದಕ್ಕೆ ಮೊದಲು ಅಂಟು ಹಿಡಿಸುವ ಪ್ರೈಮರ್ ಬೇಕು, ಇಲ್ಲವೇ ಬಿಸಿ ವೆಲ್ಡಿಂಗ್ ಮಾಡಿಸಬೇಕು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಹಿಂಬದಿಯನ್ನು 80 ನಂಬರ್ ಮರಳು ಕಾಗದದಿಂದ ಉಜ್ಜಿ, ಫೈಬರ್ ಜಾಲರಿ ಇಟ್ಟು, ಮೇಲೆ ಎಪಾಕ್ಸಿ ಬಳಿಯಿರಿ. ಒಂದು ರಾತ್ರಿ ಹಾಗೇ ಬಿಟ್ಟು, ಮುಂಬದಿಯನ್ನು 240, ಆಮೇಲೆ 400ರಲ್ಲಿ ನಯ ಮಾಡಿ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಇದಾವುದೂ ಬೇಡ. ಅಂಟು, ಬಣ್ಣ, ಸ್ಟಿಕ್ಕರ್, ರೆಕ್ಸಿನ್ ಏನೂ ಬೇಡ. ಅದು ಸಿಡಿಯುವಾಗ ಗೆರೆಯ ಗುಂಟ ಸರಿಯಾಗಿ ಬಿರಿಯಬೇಕು.

ರೂಫ್ ಬಟ್ಟೆ ಜೋತುಬಿದ್ದಿದ್ದರೆ ಹಳೆಯ ಸ್ಪಂಜಿನ ಪುಡಿ ಪೂರ್ತಿ ಕೆರೆದು ತೆಗೆದು, ಬಿಸಿ ತಡೆಯುವ ಸ್ಪ್ರೇ ಅಂಟೇ ಹಾಕಿಸಿ. ಸಾಮಾನ್ಯ ಅಂಟು ಇಲ್ಲಿನ ಏಪ್ರಿಲ್ ತಡೆಯುವುದಿಲ್ಲ. ಕುಶನ್ ಅಂಗಡಿಯಲ್ಲಿ ಹೊಸ ಸೀಟ್ ಕವರ್ ಹೊಲಿಸುವಾಗ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದೆಯೇ ನೋಡಿ. ಇದ್ದರೆ ಆ ಬದಿ ಬಿಚ್ಚಿಕೊಳ್ಳುವಂಥ ಕವರ್ ಬೇಕು. ಡೋರ್ ಪ್ಯಾಡ್, ಗ್ಲೋವ್ ಬಾಕ್ಸ್, ಕನ್ಸೋಲ್ ಮಾತ್ರ ಹಳೆಯದು ಸಿಕ್ಕರೆ ಧಾರಾಳವಾಗಿ ಹಾಕಿಸಿ, ಅಲ್ಲಿ ದುಡ್ಡು ಉಳಿಸಿ.

ಗಾಡಿ ತಗೊಳ್ಳುವ ದಿನ

ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡಬೇಡಿ. ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತೇ ಇದ್ದರೆ ದೋಷ ಉಳಿದಿದೆ. ಹೊತ್ತಲೇ ಇಲ್ಲ ಎಂದರೆ ದೀಪವನ್ನೇ ತೆಗೆದಿರಬಹುದು. ಗಾಡಿಯ ದೋಷ ಓದುವ ಸ್ಕ್ಯಾನರ್ ಹಚ್ಚಿಸಿ ವರದಿ ಪಡೆಯಿರಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸುತ್ತಾ ಹಾರ್ನ್ ಒತ್ತಿ. ನಡುವೆ ನಿಂತರೆ ಸುರುಳಿ ತಂತಿ ತಪ್ಪಾಗಿ ಕೂತಿದೆ. ಪ್ರತಿ ಬೆಲ್ಟನ್ನು ಜೋರಾಗಿ ಜಗ್ಗಿ, ಅದು ಕಚ್ಚಿ ನಿಲ್ಲಬೇಕು, ಬಿಟ್ಟರೆ ತಾನೇ ಒಳಗೆ ಹೋಗಬೇಕು. ಕಿಟಕಿ, ಲಾಕ್, ಎಸಿ ಎಲ್ಲ ಒಮ್ಮೆ ನಡೆಸಿ ನೋಡಿ. ಆಮೇಲೆ ರಿಂಗ್ ರೋಡ್ ಕಡೆ ಒಂದು ಸುತ್ತು ಹೋಗಿ, ಮಿಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಎಲ್ಲಿ ಕಟಕಟ ಸದ್ದು ಬರುತ್ತದೋ ಅಲ್ಲಿ ಕ್ಲಿಪ್ಪೋ ಸ್ಕ್ರೂವೋ ಬಿಟ್ಟುಹೋಗಿದೆ. ವಾಪಸ್ ಬಂದು ಅದನ್ನು ಹಾಕಿಸಿಕೊಂಡ ಮೇಲೆಯೇ ಬಾಕಿ ದುಡ್ಡು ಕೊಡಿ.