ಹಾಳೆಗೆ ನೂರು ರೂಪಾಯಿ, ಫೋಟೋಗೆ ಮುನ್ನೂರು

ಬೀದರಿನ ಚೌಬಾರದ ಹತ್ತಿರ ಒಂದು ಗಲ್ಲಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ಮೊದಲ ಸಲ ನಾನು ಕ್ಯಾಮೆರಾ ಹೊತ್ತುಕೊಂಡು ಅವರ ಅಂಗಡಿಗೆ ಹೋದಾಗ ಅವರು ತಲೆ ಕೂಡ ಎತ್ತಲಿಲ್ಲ. "ತಗೋರಿ, ತಗೋರಿ. ಭಾಳ ಮಂದಿ ಬಂದು ತಗೊಂಡು ಹೋಗ್ಯಾರ. ಒಬ್ಬರೂ ತಂದು ಕೊಟ್ಟಿಲ್ಲ" ಎಂದರು.

ಆ ಸಲ ನಾನೂ ಕೊಡಲಿಲ್ಲ. ನನ್ನದು 4×5 ಇಂಚಿನ ಹಳೆಯ ಫೀಲ್ಡ್ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಕರಿ ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಚಿತ್ರ ನೋಡಿ ಫೋಕಸ್ ಮಾಡಬೇಕು. ಒಂದೊಂದೇ ಫಿಲ್ಮ್ ಹಾಳೆ ಹಾಕಿ ತೆಗೆಯಬೇಕು. ಆಮೇಲೆ ಕಲಬುರಗಿಗೆ ವಾಪಸ್ ಬಂದು, ಬಚ್ಚಲುಮನೆ ಕತ್ತಲು ಮಾಡಿಕೊಂಡು ತೊಳೆದು, ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿಸುವ ಹೊತ್ತಿಗೆ ಮೂರು ವಾರ. ಮತ್ತೆ ಬೀದರಿಗೆ ಹೋಗುವುದು ಯಾವಾಗಲೋ. ಹೋದರೂ ಪ್ರಿಂಟ್ ಮನೆಯಲ್ಲೇ ಮರೆತಿರುತ್ತೇನೆ. ಅಲ್ಲೇ ತೆಗೆದು ಅಲ್ಲೇ ಕೊಡುವಂತಿದ್ದರೆ ಅಂತ ಅನ್ನಿಸಿದ್ದು ಆಗ.

ಹಿಂದೆ ಇದಕ್ಕೆ ಒಳ್ಳೆ ದಾರಿ ಇತ್ತು. ಪೋಲರಾಯ್ಡ್‌ನ ಟೈಪ್ 55 ಅನ್ನುವ, ತೆಗೆದ ಕೂಡಲೇ ಚಿತ್ರ ಮೂಡುವ ಇನ್‌ಸ್ಟಂಟ್ ಹಾಳೆ 4×5 ಕ್ಯಾಮೆರಾಗೆ ಸೀದಾ ಕೂರುತ್ತಿತ್ತು. ಒಂದೇ ಹಾಳೆಯಲ್ಲಿ ಪ್ರಿಂಟೂ ಸಿಗುತ್ತಿತ್ತು, ನೆಗೆಟಿವ್ವೂ ಸಿಗುತ್ತಿತ್ತು. ನೆಗೆಟಿವನ್ನು ಸೋಡಿಯಂ ಸಲ್ಫೈಟ್ ನೀರಿನಲ್ಲಿ ಅದ್ದಿ ಇಟ್ಟುಕೊಳ್ಳಬಹುದಿತ್ತು. 2008ರಲ್ಲಿ ಕಂಪನಿ ಇನ್‌ಸ್ಟಂಟ್ ಫಿಲ್ಮ್ ನಿಲ್ಲಿಸುವುದಾಗಿ ಹೇಳಿತು. ಅದೇ ತರಹದ್ದನ್ನು ಮತ್ತೆ ಮಾಡಲು ಹೊರಟ ನ್ಯೂ55 ಕೂಡ 2017ರಲ್ಲಿ ಮುಚ್ಚಿತು. ಫ್ಯೂಜಿಯ ಸಿಪ್ಪೆ ಸುಲಿಯುವ ಪ್ಯಾಕ್ ಫಿಲ್ಮ್ ಎಫ್‌ಪಿ-100ಸಿ ಕೊನೆಯಾಗುತ್ತದೆ ಎಂಬ ಸುದ್ದಿ 2016ರಲ್ಲಿ ಬಂತು. ಈಗಲೂ ಹಳೆಯ ಪೊಟ್ಟಣಗಳು ಮಾರಾಟಕ್ಕಿರುತ್ತವೆ. ದಿನಾಂಕ ಮುಗಿದು ವರ್ಷಗಟ್ಟಲೆ ಆಗಿರುತ್ತದೆ, ಬೆಲೆ ಮಾತ್ರ ಚಿನ್ನದ್ದು. ಬೇಡವೇ ಬೇಡ.

ಉಳಿದದ್ದು ಫ್ಯೂಜಿಯದೇ ಇನ್ನೊಂದು ಇನ್‌ಸ್ಟಂಟ್ ಹಾಳೆ, ಇನ್‌ಸ್ಟಾಕ್ಸ್. ಮದುವೆ ಮನೆಯಲ್ಲಿ ಹುಡುಗಿಯರ ಕೈಯಲ್ಲಿ ಇರುತ್ತದಲ್ಲ, ಅದೇ. ಅದರ ವೈಡ್ ಹಾಳೆಯನ್ನು 4×5 ಕ್ಯಾಮೆರಾದ ಬೆನ್ನಿಗೆ ಹಾಕುವ ಡಬ್ಬಿಯೊಂದನ್ನು ಲೋಮೋಗ್ರಫಿಯವರು 2020ರಲ್ಲಿ ತಂದರು, ಹೆಸರು ಲೋಮೋಗ್ರಾಫ್ಲಾಕ್. ನಾನು ತರಿಸಿದಾಗ ಕಸ್ಟಮ್ಸ್ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಆಗ ಇಪ್ಪತ್ತು ಹಾಳೆಗೆ ಎರಡು ಸಾವಿರ ಇತ್ತು. ಹಾಳೆಗೆ ನೂರು ರೂಪಾಯಿ, ಪರವಾಗಿಲ್ಲ ಅಂದುಕೊಂಡೆ.

ಆ ಲೆಕ್ಕ ತಪ್ಪಿತ್ತು. ಮೊದಲ ಇಪ್ಪತ್ತು ಹಾಳೆಯಲ್ಲಿ ಇನ್ನೊಬ್ಬರ ಕೈಗೆ ಕೊಡುವಂಥವು ಏಳು. ಎರಡು ಸಾವಿರವನ್ನು ಏಳರಿಂದ ಭಾಗಿಸಿ ನೋಡಿ, ಮುನ್ನೂರಕ್ಕೆ ಸ್ವಲ್ಪ ಕಡಿಮೆ. ಡಬ್ಬಿಯ ಹದಿನೆಂಟು ಸಾವಿರ ಇದರಲ್ಲಿ ಇನ್ನೂ ಸೇರಿಲ್ಲ. ನಾನು ನೂರು ಹಾಳೆ ತೆಗೆದರೆ ಹಾಳೆಗೆ ಇನ್ನೂ ನೂರ ಎಂಬತ್ತು ಕೂಡಿಸಬೇಕು.

ಹಾಳಾದ ಹದಿಮೂರರ ಕಥೆ ಹೇಳುತ್ತೇನೆ, ಹೊಸದಾಗಿ ಮಾಡುವವರಿಗೆ ದುಡ್ಡು ಉಳಿಯುತ್ತದೆ. ಈ ಡಬ್ಬಿಯಲ್ಲಿ ಹಾಳೆ ಕೂರುವ ಜಾಗ, ನಮ್ಮ ಫೋಕಸ್ ಗಾಜು ಇರುವ ಜಾಗಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಹಿಂದೆ. ಅದಕ್ಕೆಂದೇ ಒಂದು ಚೌಕಟ್ಟು ಕೊಟ್ಟಿರುತ್ತಾರೆ. ಅದನ್ನು ಸಿಕ್ಕಿಸಿ, ಅದರ ಹಿಂದೆ ಗಾಜು ಇಟ್ಟು ಫೋಕಸ್ ಮಾಡಬೇಕು. ಆಮೇಲೆ ಎರಡನ್ನೂ ತೆಗೆದು ಡಬ್ಬಿ ಹಾಕಬೇಕು. ಇಪ್ಪತ್ತು ವರ್ಷದ ಕೈ ರೂಢಿ ಬಿಡುತ್ತದೆಯೇ? ಚೌಕಟ್ಟು ಚೀಲದಲ್ಲೇ ಉಳಿಯಿತು. ಹಾಳೆ ಹೊರಗೆ ಬಂದು ಚಿತ್ರ ಮೂಡಿದಾಗ ಚಾಚಾ ಅವರ ಮುಖ ಮಂಜು ಮಂಜು, ಅವರ ಮುಂದೆ ಹಲಗೆಯ ಮೇಲಿದ್ದ ಹೂದಾನಿ ಮಾತ್ರ ಚೊಕ್ಕ. ಹೀಗೆ ನಾಲ್ಕು ಹಾಳೆ ಹೋದವು. ಈಗ ಆ ಚೌಕಟ್ಟಿಗೆ ಕೆಂಪು ದಾರ ಕಟ್ಟಿ ಕೊರಳಿಗೇ ಹಾಕಿಕೊಳ್ಳುತ್ತೇನೆ. ನೋಡಿದವರು ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಅಂತ ಕೇಳುತ್ತಾರೆ.

ಇನ್ನೊಂದು ಶಟರ್. ನನ್ನ 150 ಎಂಎಂ ಲೆನ್ಸಿನ ಶಟರ್ ಹಳೆಯದು, ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗಕ್ಕೆ (ಒಂದರ ಇನ್ನೂರು) ಇಟ್ಟರೆ ಒಂದರ ನೂರರಷ್ಟು ಹೊತ್ತು ತೆರೆದಿರುತ್ತದೆ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಇದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ, ಅದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇನ್‌ಸ್ಟಾಕ್ಸ್ ಹಾಗಲ್ಲ. ಬೆಳಕು ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಜಾಸ್ತಿಯಾದರೆ ಮುಖ ಸುಣ್ಣ ಬಳಿದ ಗೋಡೆ. ಬೆಲ್ಲೋಸ್, ಅಂದರೆ ಲೆನ್ಸಿಗೂ ಗಾಜಿಗೂ ನಡುವಿನ ಮಡಿಕೆ ಚೀಲ, ಅದರ ಲೆಕ್ಕವೂ ಅಷ್ಟೇ. ಕೈ ಕೆಲಸವನ್ನು ಹತ್ತಿರದಿಂದ ತೆಗೆಯಲು ಬೆಲ್ಲೋಸನ್ನು 200 ಎಂಎಂವರೆಗೆ ಎಳೆದಿದ್ದೆ. 200ನ್ನು 150ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 1.78. ಅಂದರೆ ಬೆಳಕು ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ನಾನು ಕೊಡಲಿಲ್ಲ. ಮೂರು ಹಾಳೆ ಕತ್ತಲೆ.

ಹಾಳೆಗೆ ಬೆಳಕು ತಾಗದಂತೆ ಮುಚ್ಚುವ ಡಾರ್ಕ್ ಸ್ಲೈಡ್ ಎಳೆಯುವುದನ್ನು ಮರೆತು ಎರಡು ಹಾಳೆ ಪೂರ್ತಿ ಕಪ್ಪಾಗಿ ಬಂದವು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಈ ಹಾಳೆಯ ವೇಗ, ಅಂದರೆ ಬೆಳಕು ಹೀರುವ ಚುರುಕು, ಐಎಸ್ಒ 800. ಒಳ್ಳೆಯದೇ ಅಂತ ಅನ್ನಿಸುತ್ತದೆ, ಆದರೆ ನಮ್ಮ ಬಿಸಿಲಿಗೆ ಅದು ವಿಪರೀತ. ಮಹ್ಮೂದ್ ಗಾವಾನನ ಮದರಸಾದ ಮುಂದೆ ಮಧ್ಯಾಹ್ನ ನಿಂತರೆ ಲೆನ್ಸಿನ ಕಿಂಡಿ ತೀರಾ ಸಣ್ಣದು ಮಾಡಿ ಎಫ್32, ಶಟರ್ ಒಂದರ ಇನ್ನೂರು. ಕಟ್ಟಡಕ್ಕೆ ಅದು ನಡೆಯುತ್ತದೆ. 1472ರ ಕಟ್ಟಡ, ಉಳಿದ ಒಂದೇ ಮಿನಾರ, ಅದರ ಮೇಲಿನ ನೀಲಿ ಹೆಂಚಿನ ಚೂರುಗಳು ಎಲ್ಲ ಚೊಕ್ಕ ಬರಲಿ. ಆದರೆ ಮನುಷ್ಯರ ಮುಖ ತೆಗೆಯುವಾಗ ಹಿಂದಿನದೆಲ್ಲ ಮಸುಕಾಗಬೇಕು, ಅದಕ್ಕೆ ಕಿಂಡಿ ದೊಡ್ಡದು, ಎಫ್5.6 ಬೇಕು. ನೆರಳಿನಲ್ಲಿ ಕೂರಿಸಿದರೂ ಆಗ ಒಂದರ ಎಂಟುನೂರು ಕೇಳುತ್ತದೆ. ಈ ಲೆನ್ಸಿನ ಶಟರ್‌ಗಳಲ್ಲಿ ಅಷ್ಟು ವೇಗ ಇರುವುದೇ ಇಲ್ಲ. ಹಾಗಾಗಿ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್ ಕಾಯಂ ಜೇಬಿನಲ್ಲಿರುತ್ತದೆ. ಅದು ಹಾಕಿದರೆ ಒಂದರ ನೂರಕ್ಕೆ ಇಳಿಯುತ್ತದೆ.

ಬಿದ್ರಿಯ ತೊಂದರೆಯೇ ಬೇರೆ. ಜಸ್ತ, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿ ಕಪ್ಪು ಮಾಡುತ್ತಾರೆ. ಮಣ್ಣು ತಾಗಿದರೂ ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಅಂದರೆ ಕಡುಗಪ್ಪು, ಬಿಳುಪು ಅಂದರೆ ಕಣ್ಣು ಕುಕ್ಕುವ ಬಿಳುಪು. ಇನ್‌ಸ್ಟಾಕ್ಸ್ ಹಿಡಿಯುವುದು ನಾಲ್ಕೈದು ಸ್ಟಾಪ್ ಅಷ್ಟೇ. ಕಪ್ಪಿಗೆ ಬೆಳಕಿನ ಅಳತೆ ಹಿಡಿದರೆ ಬಳ್ಳಿ ಚಿತ್ತಾರ ಕರಗಿ ಹೋಗುತ್ತದೆ. ಬೆಳ್ಳಿಗೆ ಹಿಡಿದರೆ ಹೂದಾನಿ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಕೊನೆಗೆ ಬಿಳಿ ಪಂಚೆಯೊಂದನ್ನು ಬಾಗಿಲಿಗೆ ಇಳಿಬಿಟ್ಟು ಬೆಳಕನ್ನು ಮೆತ್ತಗೆ ಮಾಡಿದೆ. ಪಂಚೆ ಚಾಚಾ ಅವರ ಪಕ್ಕದ ಮನೆಯದು. ಸಾಮಾನು ಚೂರು ಆಚೆಗಿಟ್ಟು ಮುಖಕ್ಕೆ ಅಳತೆ ಹಿಡಿದೆ. ಆಗ ಎರಡೂ ಬಂದವು.

ಬಿಸಿಲುಗಾಲದ ಪಾಠ ಕಲಬುರಗಿಯಲ್ಲಿ ಆಯಿತು. ಈ ಹಾಳೆ 5ರಿಂದ 40 ಡಿಗ್ರಿಯ ಒಳಗೆ ಸರಿಯಾಗಿ ಮೂಡುತ್ತದೆ. ಮೇ ತಿಂಗಳಲ್ಲಿ ನಮ್ಮ ಊರು 42 ದಾಟುತ್ತದೆ. ಹಫ್ತ್ ಗುಂಬಜ್ ಹತ್ತಿರ ತೆಗೆದ ಒಂದು ಹಾಳೆ ಅರಿಶಿಣ ಹಚ್ಚಿದಂತೆ ಹಳದಿ ಬಂತು. ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸುತ್ತೇನೆ. ಹಾಳೆಯನ್ನು ಒದ್ದೆ ಟವೆಲ್ ಸುತ್ತಿದ ಟಿಫಿನ್ ಡಬ್ಬಿಯಲ್ಲಿ ಇಡುತ್ತೇನೆ. ಉಳಿದ ಪೊಟ್ಟಣಗಳು ಫ್ರಿಜ್‌ನಲ್ಲಿ, ಮೊಸರಿನ ಪಕ್ಕ. "ಇದಕ್ಕೂ ಹೆಪ್ಪು ಹಾಕಬೇಕೇನ್ರೀ?" ಅಂತ ಮನೆಯವಳು ಕೇಳಿದಳು.

ಇನ್ನು ಅಳತೆ. 4×5 ಕ್ಯಾಮೆರಾ ಅಂತ ಹೆಸರು, ಚಿತ್ರ ಬರುವುದು 99×62 ಎಂಎಂ. ಗಾಜಿನ ಹೆಚ್ಚುಕಡಿಮೆ ಅರ್ಧ. ನೆಗೆಟಿವ್ ಇಲ್ಲ. ಕೊಟ್ಟರೆ ಹೋಯಿತು, ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಹೀಗಾಗಿ ಬೆಳಕು ನೋಡಿಕೊಳ್ಳಲು ಇನ್‌ಸ್ಟಂಟ್ ಹಾಳೆ ಬಳಸುತ್ತೇನೆ ಅನ್ನುವವರಿಗೆ ನನ್ನ ಮಾತು ಒಂದೇ: ಬೇಡ. ಹಿಂದೆ ಸ್ಟುಡಿಯೋದವರು ಪೋಲರಾಯ್ಡನ್ನು ಅದಕ್ಕೇ ಬಳಸುತ್ತಿದ್ದರು, ಸರಿ. ಈಗ ಮೊಬೈಲಿನಲ್ಲೇ ಲೈಟ್ ಮೀಟರ್ ಇದೆ. ನೂರು ರೂಪಾಯಿ ಸುಡುವುದು ಯಾಕೆ?

ನನಗಾಗಿ ಇಟ್ಟುಕೊಳ್ಳುವುದಕ್ಕೆ ಎಕ್ಸ್‌ರೇ ಫಿಲ್ಮ್ ಬಳಸುತ್ತೇನೆ. 8×10 ಇಂಚಿನ ಹಾಳೆ ತಂದು ಕೆಂಪು ದೀಪದಲ್ಲಿ ನಾಲ್ಕು ತುಂಡು ಮಾಡಿ, ಅಂಚು ಒಂದೆರಡು ಎಂಎಂ ಸವರಿದರೆ ಹೋಲ್ಡರಿಗೆ ಕೂರುತ್ತದೆ. ತುಂಡಿಗೆ ಹತ್ತು ರೂಪಾಯಿಯೂ ಬಿದ್ದಿಲ್ಲ. ಎರಡೂ ಬದಿಗೆ ಬೆಳಕು ಹಿಡಿಯುವ ಮಸಾಲೆ ಇರುವುದರಿಂದ ಉಗುರು ತಾಗಿದರೂ ಗೀರು. ಕೆಂಪು ಬಣ್ಣಕ್ಕೆ ಅದು ಕುರುಡು, ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಸುಕ್ಕು ಎದ್ದು ಕಾಣುತ್ತದೆ. ನನಗದು ಇಷ್ಟ. ಚಾಚಾಗೆ ಇಷ್ಟವಿಲ್ಲ.

ಅವರಿಗೆ ಇಷ್ಟವಾದದ್ದು ಬಣ್ಣದ್ದು. ಮೊದಲ ಚೊಕ್ಕ ಹಾಳೆ ಡಬ್ಬಿಯಿಂದ ಹೊರಬಂದಾಗ ಅದನ್ನು ಅವರ ಅಂಗೈ ಮೇಲೆ ಇಟ್ಟೆ. ಒಂದೂವರೆ ನಿಮಿಷ ಅವರು ಸುತ್ತಿಗೆ ಮುಟ್ಟಲಿಲ್ಲ. ಮೊದಲು ಪಂಚೆ ಕಂಡಿತು, ಆಮೇಲೆ ಗಡ್ಡ, ಆಮೇಲೆ ಕಣ್ಣು. "ಅರೆ, ನಾ ಇಷ್ಟು ಮುದುಕ ಆಗೀನಿ?" ಎಂದು ನಕ್ಕರು. ಆಮೇಲೆ ಅದನ್ನು ಬೆಳ್ಳಿ ತಂತಿ ಇಡುವ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದರು.

2017ರಲ್ಲಿ ಶುರುವಾದ ಕಲಬುರಗಿ–ಬೀದರ ರೈಲು ಮಾರ್ಗ ನನ್ನ ಪೆಟ್ಟಿಗೆಗೆ ಉಪಕಾರ ಮಾಡಿದೆ. ಪ್ರತಿ ಸಲ ಹತ್ತು ಹಾಳೆ ಒಯ್ಯುತ್ತೇನೆ. ಈಗ ಹತ್ತರಲ್ಲಿ ಏಳೆಂಟು ಸರಿ ಬರುತ್ತವೆ, ಫೋಟೋಗೆ ನೂರ ಮೂವತ್ತು, ನೂರ ನಲವತ್ತರ ಲೆಕ್ಕ. ಒಬ್ಬರಿಗೆ ಒಂದು ಹಾಳೆ, ಒಂದು ಎಕ್ಸ್‌ರೇ ತುಂಡು. ಹೋದ ಸಲ ಪಂಚೆ ಕೊಟ್ಟ ಪಕ್ಕದ ಮನೆಯವರೂ ಕುರ್ಚಿ ತಂದು ಸಾಲಿನಲ್ಲಿ ಕೂತಿದ್ದರು. ಅಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.