ಬಾಳೆಸಿಪ್ಪೆಯ ಬೂದಿಯೂ ನನ್ನ ಡಾಕ್ಟರೇಟೂ

‘ಇದು ಪೊಟ್ಯಾಸಿಯಂ ಕಾರ್ಬೊನೇಟ್ ಅಷ್ಟೇ ಅಲ್ಲವೇ?’ ಎಂದು ಬರೆದು, ಬಾಳೆಸಿಪ್ಪೆಯ ಬೂದಿ ಕದಡಿದ ನೀರನ್ನು ಕ್ಷಾರವಾಗಿ ಬಳಸುವ ಬಗೆಗಿನ ನನ್ನ ಮೊದಲ ಪ್ರಬಂಧವನ್ನು ಸಂಶೋಧನಾ ಪತ್ರಿಕೆಯ ಪರಿಶೀಲಕರೊಬ್ಬರು ವಾಪಸ್ ಕಳಿಸಿದ್ದರು. ಹೌದು, ಅಷ್ಟೇ. ಜೊತೆಗೆ ಒಂದಿಷ್ಟು ಕ್ಲೋರೈಡ್. ನಾನು ಬೇರೇನೋ ಇದೆ ಅಂತ ಎಲ್ಲೂ ಹೇಳಿರಲಿಲ್ಲ. ಆದರೂ ಆ ಸಾಲು ವಿಭಾಗದಲ್ಲಿ ಹಬ್ಬಿ, ಕೆಲವು ವರ್ಷ ನಾನು ‘ಬೂದಿ ಮೇಷ್ಟ್ರು’ ಆಗಿಬಿಟ್ಟೆ.

ಬೂದಿನೀರಿನ ಕಲ್ಪನೆ ನನ್ನದಲ್ಲ. ಅಸ್ಸಾಮಿನವರ ಅಡುಗೆಮನೆಯಲ್ಲಿ ಬಾಳೆ ಬೂದಿ ಸೋಸಿದ ಕ್ಷಾರನೀರು ‘ಖಾರ್’ ಹಿಂದಿನಿಂದಲೂ ಇದೆ. 2015ರಲ್ಲಿ ಅಲ್ಲಿನವರೇ ಅದನ್ನು, ಪಲ್ಲೇಡಿಯಂ ಎಂಬ ದುಬಾರಿ ಲೋಹದ ನೆರವಿನಿಂದ ಎರಡು ಅಣುತುಂಡುಗಳನ್ನು ಬೆಸೆಯುವ ಸುಜುಕಿ ಜೋಡಣೆಗೆ ಬಳಸಿ ತೋರಿಸಿದರು. ನನ್ನಂಥ ಡಿಗ್ರಿ ಕಾಲೇಜಿನವನ ಕೈಗೆ ಪಲ್ಲೇಡಿಯಂ ಎಲ್ಲಿ ಎಟುಕಬೇಕು? ಹಾಗಾಗಿ ಕ್ಷಾರದ ನೆರವಿನಿಂದಲೇ ಎರಡು ಅಣುಗಳನ್ನು ಕೂಡಿಸುವ ನೋವೆನಾಗೆಲ್ ಸಾಂದ್ರೀಕರಣ ಹಿಡಿದೆ. ಆಲ್ಡಿಹೈಡ್, ಮ್ಯಾಲೊನೊನೈಟ್ರೈಲ್, ಬೂದಿನೀರು, ಕೋಣೆಯ ಉಷ್ಣತೆ. ಬೆಂಜಾಲ್ಡಿಹೈಡ್ ಹಾಕಿದರೆ ಹೊರಬೀಳುವುದು ನೀರೊಂದೇ. ರಸಾಯನಶಾಸ್ತ್ರಜ್ಞ ಬ್ಯಾರಿ ಟ್ರಾಸ್ಟ್‌ಗೆ 1998ರಲ್ಲಿ ಅಮೆರಿಕದ ಹಸಿರು ರಸಾಯನ (ಪರಿಸರಸ್ನೇಹಿ ರಸಾಯನಶಾಸ್ತ್ರ) ಪ್ರಶಸ್ತಿ ತಂದುಕೊಟ್ಟ ಪರಮಾಣು ಮಿತವ್ಯಯದ, ಅಂದರೆ ಹಾಕಿದ್ದರಲ್ಲಿ ಎಷ್ಟು ಪಾಲು ಉತ್ಪನ್ನಕ್ಕೆ ಸೇರುತ್ತದೆ ಎಂಬ ಲೆಕ್ಕದಲ್ಲಿ ಹತ್ತಿರಹತ್ತಿರ 90 ಪ್ರತಿಶತ.

ಕಾಗದದ ಮೇಲೆ ಚೆನ್ನಾಗಿತ್ತು. ಫ್ಲಾಸ್ಕಿನಲ್ಲಿ ಬಂದದ್ದು ಕಂದು ರಾಡಿ. ಸಿಪ್ಪೆ ಅರೆಬೆಂದರೆ ಬೂದಿನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಆ ಬಣ್ಣ ಹರಳಿಗೂ ಅಂಟುತ್ತದೆ. ಎಥೆನಾಲಿನಲ್ಲಿ ಎಷ್ಟು ಸಲ ಹರಳುಗಟ್ಟಿಸಿದರೂ ಹೋಗುವುದಿಲ್ಲ. ಕಾಲಂ ಹಾಕಿದರೆ, ಅಂದರೆ ಸಿಲಿಕಾ ತುಂಬಿದ ಕೊಳವೆಯಲ್ಲಿ ದ್ರಾವಕ ಹರಿಸಿ ಬೇರ್ಪಡಿಸಿದರೆ, ಶುದ್ಧವಾಗುತ್ತದೆ, ನಿಜ. ಆದರೆ ಅರ್ಧ ಗ್ರಾಂ ಉತ್ಪನ್ನಕ್ಕೆ ಅರ್ಧ ಲೀಟರ್ ಹೆಕ್ಸೇನ್ ಸುರಿದಮೇಲೆ ಹಸಿರು ಎಲ್ಲಿ ಉಳಿಯಿತು? ‘ನೀರಿನಲ್ಲಿ ಮಾಡಿದೆವು’ ಎಂದು ಬರೆದು ಕಾಲಂ ವಿಷಯವನ್ನು ಪೂರಕ ಮಾಹಿತಿಯಲ್ಲಿ ಬಚ್ಚಿಡುವವರ ಪ್ರಬಂಧಗಳನ್ನು ನಾನು ಈಗ ಓದುವುದೇ ಇಲ್ಲ.

ಮಫಲ್ ಫರ್ನೇಸ್ ಎಂಬ ವಿದ್ಯುತ್ ಕುಲುಮೆಯಲ್ಲಿ ಸುಟ್ಟರೆ ಬೂದಿ ಬೆಳ್ಳಗಾಗುತ್ತದೆ. ಆಗ ಸಹೋದ್ಯೋಗಿಯೊಬ್ಬರು ಲೆಕ್ಕ ಮುಂದಿಟ್ಟರು: ‘ಸಾರ್, ಒಂದು ಸಲ ಸುಡೋಕೆ ಹತ್ತು ಯೂನಿಟ್ ಕರೆಂಟು. ಬಾಟಲಿ ಕಾರ್ಬೊನೇಟೇ ಅಗ್ಗ ಅಲ್ವಾ?’ ಇದು ಪರಿಶೀಲಕರ ಪ್ರಶ್ನೆಗಿಂತ ನೂರು ಪಾಲು ಒಳ್ಳೆಯ ಪ್ರಶ್ನೆ. ಸುಮಾರು ಎಂಬತ್ತು ರೂಪಾಯಿ ಕರೆಂಟಿಗೆ ಸಿಗುತ್ತಿದ್ದುದು ಒಂದು ಹಿಡಿ ಬೂದಿ. ಅರ್ಧ ಕಿಲೋ ಕಾರ್ಬೊನೇಟಿಗೆ ನಾನೂರರ ಆಸುಪಾಸು. ಗೆಲ್ಲುವ ಮಾತೇ ಇರಲಿಲ್ಲ.

ದಾರಿ ಸಿಕ್ಕಿದ್ದು ಬಾಳೆಕಾಯಿ ಚಿಪ್ಸ್ ಕರಿಯುವವರ ಹತ್ತಿರ. ಒಣಗಿದ ಸಿಪ್ಪೆಯನ್ನು ಅವರು ಒಲೆಗೇ ಹಾಕುತ್ತಾರೆ. ಬೂದಿ ಪುಕ್ಕಟೆ, ಚೀಲಕ್ಕೆಂದು ಹುಡುಗನಿಗೆ ಚಹಾಕಾಸು ಕೊಟ್ಟರೆ ಆಯಿತು. ಅದು ಬೂದುಬಣ್ಣದ್ದು, ಮಸಿ ಬೆರೆತದ್ದು. ಫರ್ನೇಸ್ ಹೊತ್ತಿಸದೆ ಅದರಿಂದ ತಿಳಿನೀರು ತೆಗೆಯುವ ಬಗೆಯೊಂದು ನನಗೆ ಸಿಕ್ಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಪ್ರಬಂಧ ಅಚ್ಚಾಗಲಿ. ಇಷ್ಟು ಹೇಳುತ್ತೇನೆ: ಬೂದಿಯನ್ನು ತಣ್ಣೀರಿನಲ್ಲೇ ಕದಡಿ, ಮತ್ತು ಪಿಎಚ್ ನೋಡಿ ಸುಮ್ಮನಾಗಬೇಡಿ, ಆಮ್ಲದಿಂದ ಟೈಟ್ರೇಟ್ ಮಾಡಿ, ಅಂದರೆ ಆಮ್ಲ ಹನಿಹನಿ ಬಿಟ್ಟು ಕ್ಷಾರ ಎಷ್ಟಿದೆಯೆಂದು ಅಳೆಯಿರಿ. ಒಂದೇ ಪಿಎಚ್‌ನ ಎರಡು ಚೀಲದ ಬೂದಿಯಲ್ಲಿ ಕ್ಷಾರ ಒಂದಕ್ಕೆ ಎರಡರಷ್ಟು ಇದ್ದದ್ದನ್ನು ಕಂಡಿದ್ದೇನೆ.

ಅಲ್ಲಿಂದ ಓಟ ಶುರು. 4-ಕ್ಲೋರೊ ಬೆಂಜಾಲ್ಡಿಹೈಡ್ ಹಾಕಿದರೆ ಉತ್ಪನ್ನ ಹತ್ತು ನಿಮಿಷದೊಳಗೆ ಗಟ್ಟಿಯಾಗಿ ಕೂರುತ್ತದೆ, ಸೋಸಿ ತೊಳೆದರೆ ಮುಗಿಯಿತು, ಇಳುವರಿ ತೊಂಬತ್ತರ ಮೇಲೆ. ಡೈಮೀಥೈಲ್‌ಅಮಿನೊ ಗುಂಪಿನ ಆಲ್ಡಿಹೈಡ್ ಮಾತ್ರ ಸೋಮಾರಿ. ಡೈಮಿಡೋನ್ ಎಂಬ ಇನ್ನೊಂದು ಸಂಯುಕ್ತ ಸೇರಿಸಿ ಕ್ರೋಮೀನ್ ಎಂಬ ಉಂಗುರರಚನೆಯ ಅಣುಗಳನ್ನೂ ಮಾಡಿದೆವು. ಸೋಸಿದ ನೀರನ್ನು ನಾಲ್ಕೈದು ಸಲ ಮರುಬಳಸಿದ್ದೇವೆ. ಆಮೇಲೆ ಅದು ಸಿಂಕಿಗಲ್ಲ, ಬೇರೆ ಕ್ಯಾನಿಗೆ. ಮ್ಯಾಲೊನೊನೈಟ್ರೈಲ್ ವಿಷ, ಮರೆಯಬೇಡಿ. ನಮ್ಮ ದಾವಣಗೆರೆಯ ಏಪ್ರಿಲ್‌ನಲ್ಲಿ ಅದು ಬಾಟಲಿಯಲ್ಲೇ ಕರಗಿ ನೀರಾಗಿರುತ್ತದೆ, ತೂಗುವ ಬದಲು ಪಿಪೆಟ್ ಹಿಡಿಯಬೇಕು.

ನಡುವೆ ಊರಿನ ಬೂದಿಯನ್ನೆಲ್ಲ ಜಾಲಾಡಿದೆ. ಭತ್ತದ ಹೊಟ್ಟಿನ ಬೂದಿ ಇಲ್ಲಿ ರಾಶಿರಾಶಿ ಸಿಗುತ್ತದೆ, ಆದರೆ ಅದು ಬಹುಪಾಲು ಸಿಲಿಕಾ, ಕ್ಷಾರವಾಗಿ ಕೆಲಸಕ್ಕೆ ಬಾರದು. ಕಾಫಿ ಹೊಟ್ಟಿನದು ಬಾಳೆಯಷ್ಟೇ ಚುರುಕು. ಅಡಿಕೆ ಸಿಪ್ಪೆಯದು ಏಕೋ ನನಗೆ ಒಗ್ಗಲಿಲ್ಲ.

ಪ್ರಬಂಧ ಕೊನೆಗೂ ಬಂತು. ಅದೇ ಪರಿಶೀಲಕರಿಗೆ ಅಷ್ಟೇ ಕ್ಷಾರಬಲದ ಶುದ್ಧ ಕಾರ್ಬೊನೇಟಿನ ಫಲಿತಾಂಶ ಕೊಟ್ಟು, ‘ಇಳುವರಿ ಒಂದೇ, ಖರ್ಚು ಒಂದೇ ಅಲ್ಲ’ ಎಂದು ಬರೆದಿದ್ದೆ. ಡಾಕ್ಟರೇಟ್ ಆಯಿತು, ಎರಡು ಲಕ್ಷ ಚಿಲ್ಲರೆಯ ಪ್ರಾಜೆಕ್ಟೂ ಬಂತು. ಅದರ ಹಿಂದೆಯೇ ‘ಶ್ರೇಷ್ಠ ವಿಜ್ಞಾನಿ’ ಪ್ರಶಸ್ತಿಯ ಮಿಂಚಂಚೆಗಳ ಸಾಲು: ನೋಂದಣಿ ಶುಲ್ಕ ಎಂಟು ಸಾವಿರ, ಫಲಕಕ್ಕೆ ಬೇರೆ. ಆ ದುಡ್ಡಿಗೆ ನನಗೆ ಒಂದು ವರ್ಷದ ಆಲ್ಡಿಹೈಡ್ ಬರುತ್ತದೆ. ಕಾಲೇಜಿನವರು ಪೇಟ ತೊಡಿಸಿ ಹಣ್ಣಿನ ಬುಟ್ಟಿ ಕೊಟ್ಟಾಗ ಮಾತ್ರ ಖುಷಿಯಿಂದ ತೆಗೆದುಕೊಂಡೆ. ಬುಟ್ಟಿಯ ಏಲಕ್ಕಿ ಬಾಳೆಯ ಸಿಪ್ಪೆ ಮರುದಿನವೇ ಲ್ಯಾಬಿನ ತಾರಸಿಯಲ್ಲಿ ಒಣಗುತ್ತಿತ್ತು.

ಆಲ್ಡಿಹೈಡ್‌ಗಳ ಸೋದರರಾದ ಕೀಟೋನ್‌ಗಳು ಇನ್ನೂ ಬಗ್ಗಿಲ್ಲ. ಅಸಿಟೋಫೀನೋನ್ ರಾತ್ರಿಯಿಡೀ ಕಲಕಿದರೂ ಟಿಎಲ್‌ಸಿಯಲ್ಲಿ (ಕ್ರಿಯೆ ಎಷ್ಟು ಮುಂದುವರಿದಿದೆ ಎಂದು ನೋಡುವ ತೆಳುಪದರ ಪರೀಕ್ಷೆಯಲ್ಲಿ) ಇದ್ದಲ್ಲೇ ಇರುತ್ತದೆ. ಈ ಬೇಸಿಗೆಯಲ್ಲಿ ಕಾಫಿ ಹೊಟ್ಟಿನ ಬೂದಿನೀರನ್ನು ಇನ್ನಷ್ಟು ಗಟ್ಟಿ ಮಾಡಿ ನೋಡಬೇಕೆಂದಿದ್ದೇನೆ.