ತೇರಿನ ಫೂಟೇಜ್ ಮತ್ತು ಸ್ವಿಲೋವಾ ಅವರ ಕಪಾಟು

ನಮ್ಮೂರ ಜಾತ್ರೆಯ ಮೇಲೆ ಒಂದು ಸಣ್ಣ ಸಾಕ್ಷ್ಯಚಿತ್ರ ಎಡಿಟ್ ಮಾಡಿದೆ. ಅಲಂಕಾರ, ಮಂಗಳಾರತಿ, ತೇರು, ಜನ, ಎಲ್ಲದರ ಫೂಟೇಜ್ ರಾಶಿ ಇತ್ತು. ಸಾಮಾನ್ಯವಾಗಿ ಇದನ್ನು ನಡೆದ ಕ್ರಮದಲ್ಲೇ ಜೋಡಿಸಿ ಹಿಂದೆ ಒಂದು ಭಕ್ತಿಗೀತೆ ಹಾಕಿಬಿಡುತ್ತಾರೆ. ನನಗೆ ಅದು ಬೇಡವಾಗಿತ್ತು. ದೇವರನ್ನು ಪದೇ ಪದೇ ತೋರಿಸಿದರೆ ಭಕ್ತಿ ಹುಟ್ಟುವುದಿಲ್ಲ. ಅದು ಕೈಮುಗಿದು ನಿಂತವರ ಮುಖದಲ್ಲಿ ಕಾಣಬೇಕು.

ದಾರಿ ಸಿಕ್ಕಿದ್ದು 1929ರ ಸೋವಿಯತ್ ಮೂಕಿಚಿತ್ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ದಲ್ಲಿ. ನಿರ್ದೇಶಕ ಝಿಗಾ ವೆರ್ಟೊವ್ ಹೆಸರು ತುಂಬಾ ಜನಕ್ಕೆ ಗೊತ್ತು. ಎಡಿಟರ್ ಅವರ ಹೆಂಡತಿ ಎಲಿಜವೆತಾ ಸ್ವಿಲೋವಾ. ಚಿತ್ರದ ನಡುವೆ ಓಡುತ್ತಿದ್ದ ಕುದುರೆ ತಟ್ಟನೆ ನಿಂತುಬಿಡುತ್ತದೆ. ಹೆಂಗಸರು, ಮಕ್ಕಳ ಮುಖಗಳೂ ನಿಂತುಬಿಡುತ್ತವೆ. ಆಗ ಸ್ವಿಲೋವಾ ಕಾಣುತ್ತಾರೆ. ರೀಲನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿಯಲ್ಲಿ ಕತ್ತರಿಸುತ್ತಿರುತ್ತಾರೆ. ಪಕ್ಕದ ಕಪಾಟಿನಲ್ಲಿ ಸುತ್ತಿಟ್ಟ ರೀಲುಗಳು, ವಿಷಯದ ಪ್ರಕಾರ ಚೀಟಿ: ಕಾರ್ಖಾನೆ, ಯಂತ್ರ, ಸಂತೆ. ನಿಂತಿದ್ದ ಮಕ್ಕಳ ಮುಖ ಮತ್ತೆ ನಗುತ್ತದೆ.

ನಾನೂ ಹಾಗೇ ಮಾಡಿದೆ. ಕ್ಯಾಮೆರಾ, ದಿನ ಅಂತ ಬಿನ್ (ಶಾಟ್‌ಗಳನ್ನು ವಿಂಗಡಿಸಿಡುವ ಫೋಲ್ಡರ್) ಮಾಡಲಿಲ್ಲ. ಮಿಣಿ, ಗಾಲಿ, ಕೈ, ಮುಖ ಅಂತ ಮಾಡಿದೆ. ‘ಕೈ’ ಬಿನ್ನೇ ಎಲ್ಲಕ್ಕಿಂತ ಜಾಸ್ತಿ ತುಂಬಿತು. ಆಮೇಲೆ ಒಂದೊಂದು ಮುಖವನ್ನೂ ನಿಲ್ಲಿಸಿ ನೋಡಿದೆ. ಕಣ್ಣು ಕಳಸದ ಕಡೆ ಏಳುವುದು ಯಾವ ಫ್ರೇಮಿನಲ್ಲಿ? ಅದಕ್ಕೆ ಸ್ವಲ್ಪ ಮುಂಚೆ ಶಾಟ್ ಶುರು.

ಒಬ್ಬ ಅಜ್ಜಿ ತೇರಿಗೆ ಬಾಳೆಹಣ್ಣು ಎಸೆಯುವ ಶಾಟ್ ಇತ್ತು. ಎಸೆಯುವ ಮುಂಚೆ ಅವರು ಕಣ್ಣು ಮುಚ್ಚುತ್ತಾರೆ, ತುಟಿ ಅಲ್ಲಾಡುತ್ತದೆ. ಹಣ್ಣು ತೇರಿಗೆ ಬಡಿಯುವಲ್ಲಿಗೆ ಕಟ್ ಮಾಡೋದು ಸುಲಭ. ನಾನು ಅಜ್ಜಿಯ ಮುಖದಲ್ಲೇ ಉಳಿದೆ. ಹಣ್ಣು ಫ್ರೇಮಿನಿಂದ ಆಚೆ ಹೋಯಿತು, ಅವರು ಕಣ್ಣು ತೆರೆದರು, ಆಗ ಗಾಲಿಗೆ ಕಟ್. ಉತ್ಸವಮೂರ್ತಿಯನ್ನು ಇಡೀ ಚಿತ್ರದಲ್ಲಿ ಒಂದೇ ಸಲ ತೋರಿಸಿದ್ದೇನೆ, ಕೊನೆಗೆ, ಜೂಮ್ ಇಲ್ಲದೆ, ಉದ್ದಕ್ಕೆ.

ಹಾಲಿವುಡ್‌ನಲ್ಲೂ ಆಗ ಕತ್ತರಿ ಹಿಡಿದ ಹೆಂಗಸರು ಬಹಳ ಜನ ಇದ್ದರು. ಹೊಲಿಗೆಯಂಥ ಕೈಗೆಲಸ ಅಂತ ಅದನ್ನು ಅವರಿಗೆ ಬಿಟ್ಟಿದ್ದರು. ಬೈಬಲ್ ಕಥೆಯ ‘ದಿ ಟೆನ್ ಕಮಾಂಡ್‌ಮೆಂಟ್ಸ್’ 1923ರದ್ದೂ 1956ರದ್ದೂ ಎಡಿಟ್ ಮಾಡಿದ್ದು ಆನ್ ಬಾಕೆನ್ಸ್. ಎಡಿಟಿಂಗ್‌ಗೆ ಆಸ್ಕರ್ ಪಡೆದ ಮೊದಲ ಮಹಿಳೆಯೂ ಅವರೇ. ಸಿನಿಮಾ ಓದಿದವರಿಗೂ ಈ ಹೆಸರು ಗೊತ್ತಿರೋದು ಕಡಿಮೆ, ನನಗೆ ಇದು ನಿಜವಾಗಿ ಬೇಸರ ತರಿಸುತ್ತದೆ. ಅದಕ್ಕೇ ನನ್ನ ಚಿತ್ರದಲ್ಲಿ, ನನ್ನ ಜೊತೆ ಬಿನ್ ವಿಂಗಡಿಸಿದ ಇಬ್ಬರು ಹುಡುಗಿಯರ ಹೆಸರನ್ನು ‘ಸಂಕಲನ’ದ ಕೆಳಗೆ ನನ್ನ ಹೆಸರಿನ ಜೊತೆಗೇ, ಅದೇ ಅಳತೆಯ ಅಕ್ಷರದಲ್ಲಿ ಹಾಕಿದ್ದೇನೆ.